ಒಕ್ಲಹೋಮಾದಲ್ಲಿ ನಾನು ಆಲಿಕಲ್ಲು ಅಳೆದದ್ದು

2010ರಲ್ಲಿ ನಾನು ಒಕ್ಲಹೋಮಾ ಸಿಟಿಯ ವಾಯವ್ಯ ಭಾಗದಲ್ಲಿದ್ದೆ. ಆ ವರ್ಷ ಬೇಸಿಗೆಗೆ ಮುಂಚೆ, ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆಯವರ ‘ಸ್ಕೈವಾರ್ನ್’ ತರಗತಿಗೆ ಹೋಗಿ ಸ್ಪಾಟರ್ ಆದೆ. ಕೆಲಸ ಇಷ್ಟೇ: ಬಿರುಗಾಳಿ ಬಂದಾಗ ಕಣ್ಣಿಗೆ ಕಂಡದ್ದನ್ನು ಫೋನ್ ಮಾಡಿ ಹೇಳುವುದು. ರೇಡಾರ್ ಇರುವಾಗ ನಾವ್ಯಾಕೆ ಅಂತ ಕೇಳಿದ್ದೆ. ದೂರ ಹೋದಷ್ಟೂ ರೇಡಾರ್ ಕಿರಣ ನೆಲದಿಂದ ಮೇಲಕ್ಕೆ ಹೋಗುತ್ತದೆ, ಕೆಳಗೆ ನಡೆಯುವುದು ಅದಕ್ಕೆ ಕಾಣುವುದಿಲ್ಲ ಎಂದರು.

ನನಗೆ ಕಷ್ಟವಾದದ್ದು ಆಲಿಕಲ್ಲಿನ ಗಾತ್ರ. ಅಲ್ಲಿ ನಾಣ್ಯ, ಚೆಂಡುಗಳ ಲೆಕ್ಕ. ಕ್ವಾರ್ಟರ್, ಅಂದ್ರೆ 25 ಸೆಂಟಿನ ನಾಣ್ಯ, 1 ಇಂಚು. ಆ ಜನವರಿಯಿಂದ ಆಲಿಕಲ್ಲು ಅಷ್ಟಿದ್ದರೆ ಮಾತ್ರ ಬಿರುಗಾಳಿಯನ್ನು ‘ತೀವ್ರ’ ಅನ್ನುತ್ತಿದ್ದರು, ಮೊದಲು ಮುಕ್ಕಾಲು ಇಂಚಿಗೇ ಹೇಳುತ್ತಿದ್ದರು. ಗಾಲ್ಫ್ ಚೆಂಡು 1.75, ಬೇಸ್‌ಬಾಲ್ 2.75, ಸಾಫ್ಟ್‌ಬಾಲ್ 4 ಇಂಚು. ನಾನು ಬೇಸ್‌ಬಾಲ್ ಮುಟ್ಟಿದವನೇ ಅಲ್ಲ. ನೋಟ್‌ಬುಕ್ಕಿನಲ್ಲಿ ನನ್ನದೇ ಪಟ್ಟಿ ಬರೆದುಕೊಂಡೆ: ನೆಲ್ಲಿಕಾಯಿ, ನಿಂಬೆಹಣ್ಣು, ಕ್ರಿಕೆಟ್ ಚೆಂಡು, ಬೇಲದ ಹಣ್ಣು.

ಮೇ 10ರ ಸೋಮವಾರ ಪಟ್ಟಿ ಉಪಯೋಗಕ್ಕೆ ಬರಲಿಲ್ಲ. ಮೆಕ್ಸಿಕೋ ಕೊಲ್ಲಿ ಕಡೆಯಿಂದ ತೇವದ ಗಾಳಿ, ಪಶ್ಚಿಮದಿಂದ ಒಣಗಾಳಿ, ಮೇಲೆ ಜೋರು ಗಾಳಿ, ಮೂರೂ ಸೇರಿದ್ದವು. ಒಂದೇ ಸಂಜೆ ರಾಜ್ಯದಲ್ಲಿ ಐವತ್ತಕ್ಕೂ ಹೆಚ್ಚು ಸುಂಟರಗಾಳಿ, ಮೂರು ಸಾವು. ನಾರ್ಮನ್, ಮೂರ್ ಎಂಬ ಊರುಗಳ ಸುತ್ತಮುತ್ತ ಎರಡು ಇಎಫ್4 ದರ್ಜೆಯವು (ಸುಂಟರಗಾಳಿಯ ಬಿರುಸಿನ ದರ್ಜೆ, ಐದೇ ಕೊನೆ). ಸೈರನ್ ಕೂಗಿದಾಗ ಆಫೀಸಿನ ಕೆಳಮಹಡಿಯ ಕಿಟಕಿಯಿಲ್ಲದ ಕಾರಿಡಾರಿನಲ್ಲಿ ಎಲ್ಲರ ಜೊತೆ ತಲೆ ತಗ್ಗಿಸಿ ಕೂತಿದ್ದೆ. ಒಂದು ಫೋನೂ ಮಾಡಲಿಲ್ಲ. ಮಾಡಬೇಕೂ ಇರಲಿಲ್ಲ ಅನ್ನಿ, ಕಾಣದ್ದನ್ನು ಏನಂತ ಹೇಳುವುದು?

ಆರು ದಿನಕ್ಕೆ, ಭಾನುವಾರ ಮಧ್ಯಾಹ್ನ, ಆಲಿಕಲ್ಲು ಬಂತು. ಮೊದಲು ಅಲ್ಲೊಂದು ಇಲ್ಲೊಂದು, ಟಪ್ ಅಂತ. ಊರಲ್ಲಾದರೆ ಏಪ್ರಿಲ್ ಮಳೆಗೆ ತಟ್ಟೆ ಹಿಡಿದು ಅಂಗಳಕ್ಕೆ ಓಡುತ್ತಿದ್ದೆವು. ಇಲ್ಲಿ ಸುಮ್ನೆ ಕೈ ಚಾಚಿದರೂ ಮೂಳೆ ಮುರಿಯುತ್ತದೆ. ಕಿಟಕಿಯಿಂದ ದೂರ ನಿಂತು ನೋಡಿದೆ. ಈಜುಕೊಳದ ನೀರು ಆಳೆತ್ತರ ಚಿಮ್ಮುತ್ತಿತ್ತು. ನನ್ನ ಕಾರಿನ ಹಿಂಗಾಜು ಒಂದೇ ಏಟಿಗೆ ಒಳಗೆ ಬಿತ್ತು. ಹೊರಗೆ ಓಡಿ ಕಾರು ಪಕ್ಕಕ್ಕೆ ನಿಲ್ಲಿಸೋಣ ಅಂತ ಕಾಲು ಎತ್ತಿದ್ದು ನಿಜ. ಪಕ್ಕದ ಮನೆಯಾತ ತೋಳು ಹಿಡಿದು ನಿಲ್ಲಿಸಿದ.

ಆಲಿಕಲ್ಲು ನಿಂತ ಮೇಲೆ ಸ್ಕೇಲು, ಪ್ಲಾಸ್ಟಿಕ್ ಚೀಲ ಹಿಡಿದು ಹೋದೆ. ದೊಡ್ಡದನ್ನೇ ಆರಿಸಬೇಕು, ಅದರ ಅತಿ ಅಗಲದ ಕಡೆ ಅಳೆಯಬೇಕು, ಬೇಗ ಅಳೆಯಬೇಕು. ಕೈ ಬಿಸಿಗೇ ಕರಗುತ್ತದೆ. ದೊಡ್ಡ ಕಲ್ಲುಗಳು ಗುಂಡಗಿರುವುದಿಲ್ಲ, ಶುಂಠಿಯ ಹಾಗೆ ಗಂಟುಗಂಟು. ನನಗೆ ಸಿಕ್ಕಿದ್ದು 2.75 ಇಂಚು, ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟು. ಹವಾಮಾನ ಸೇವೆಗೆ ಫೋನ್ ಮಾಡಿ ಸ್ಥಳ, ಸಮಯ, ಗಾತ್ರ ಹೇಳಿದೆ. ಗಾಬರಿಯಲ್ಲಿ ಮೊದಲು ‘ಕ್ರಿಕೆಟ್ ಬಾಲ್’ ಅಂದುಬಿಟ್ಟೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ, ‘ಇಂಚಿನಲ್ಲಿ ಹೇಳ್ತೀರಾ?’

ಕಲ್ಲನ್ನು ಫ್ರೀಜರಿನಲ್ಲಿ ಇಟ್ಟೆ. ಜುಲೈ 23ರಂದು ಸೌತ್ ಡಕೋಟಾದ ವಿವಿಯನ್‌ನಲ್ಲಿ 8 ಇಂಚಿನ, ಸುಮಾರು 880 ಗ್ರಾಂನ ಕಲ್ಲು ಬಿತ್ತು. ಅಮೆರಿಕದ ದಾಖಲೆ. ಅದೂ ಫ್ರೀಜರಿಗೇ ಹೋಗಿ, ಕರೆಂಟ್ ಇಲ್ಲದೆ ಸ್ವಲ್ಪ ಕರಗಿತ್ತಂತೆ. ಆ ಸುದ್ದಿ ಓದಿ ನನ್ನದನ್ನು ತೆಗೆದು ಮತ್ತೆ ಅಳೆದೆ. ಎರಡೂವರೆ ಇಂಚಿಗೆ ಇಳಿದಿತ್ತು.