ಔಷಧ ನಿರೋಧಕ ಕ್ಷಯ: ಸೀಕ್ವೆನ್ಸಿಂಗ್‌ಗೆ ಕಫ ಕಳುಹಿಸುವ ಮತ್ತು ವರದಿ ಓದುವ ಕ್ರಮ

ಮೊಳಕಾಲ್ಮುರಿನಲ್ಲೋ ಜಗಳೂರಿನಲ್ಲೋ ರೋಗಿಯೊಬ್ಬರ ಟ್ರೂನ್ಯಾಟ್ (ಕ್ಷಯ ಪತ್ತೆಯ ತ್ವರಿತ ಡಿಎನ್‌ಎ ಪರೀಕ್ಷೆ) ವರದಿಯಲ್ಲಿ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ನಿರೋಧಕತೆ ಕಂಡುಬಂದರೆ, ಉಳಿದ ಯಾವ ಔಷಧಗಳು ಅವರಿಗೆ ನಾಟುತ್ತವೆ ಎಂಬುದು ಅದರಿಂದ ತಿಳಿಯುವುದಿಲ್ಲ. ಕಲ್ಚರ್ ಮಾಡಿ, ಅಂದರೆ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ತಿಳಿಯಲು ವಾರಗಟ್ಟಲೆ ಬೇಕು. ಕಫದಲ್ಲಿನ ಬ್ಯಾಕ್ಟೀರಿಯಾದ ಆಯ್ದ ಜೀನ್‌ಗಳನ್ನು ನೇರವಾಗಿ ಓದುವ ಟಾರ್ಗೆಟೆಡ್ ಸೀಕ್ವೆನ್ಸಿಂಗ್, ಮಾದರಿ ಪ್ರಯೋಗಾಲಯ ಸೇರಿದ ಕೆಲವೇ ದಿನಗಳಲ್ಲಿ ಹಲವು ಔಷಧಗಳ ವಿಷಯವನ್ನು ಒಟ್ಟಿಗೆ ಹೇಳಬಲ್ಲದು.

ಯಂತ್ರ ಎಷ್ಟೇ ದುಬಾರಿಯಾಗಿದ್ದರೂ ಟ್ಯೂಬಿನಲ್ಲಿ ಬರೀ ಎಂಜಲಿದ್ದರೆ ಓದಲು ಏನೂ ಸಿಗುವುದಿಲ್ಲ. ಆದ್ದರಿಂದ ಬೆಳಿಗ್ಗೆ ಎದ್ದೊಡನೆ ಬರಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು ಹಿಡಿದು ಕೆಮ್ಮುವಂತೆ ರೋಗಿಗೆ ತೋರಿಸಿಕೊಡಬೇಕು. 'ಉಗುಳಿ' ಎಂದರೆ ಎಂಜಲೇ ಬರುತ್ತದೆ. 'ಎದೆಯಿಂದ ಕೆಮ್ಮಬೇಕು ಅಜ್ಜಾ' ಎಂದರೆ ಅರ್ಥವಾಗುತ್ತದೆ. ಗಟ್ಟಿಯಾದ ಕಫ 2ರಿಂದ 5 ಮಿ.ಲೀ. ಇರಲಿ. ಹೆಸರು ಮತ್ತು ನಿಕ್ಷಯ್ (ಸರ್ಕಾರದ ಕ್ಷಯ ರೋಗಿಗಳ ನೋಂದಣಿ ಜಾಲ) ಸಂಖ್ಯೆಯನ್ನು ಮುಚ್ಚಳದ ಮೇಲಲ್ಲ, ಟ್ಯೂಬಿನ ಮೈಮೇಲೆ ಬರೆಯಬೇಕು, ಏಕೆಂದರೆ ಮುಚ್ಚಳಗಳು ಅದಲುಬದಲಾಗುತ್ತವೆ. ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಐಸ್ ಪ್ಯಾಕ್ ಇಲ್ಲದೆ ಡಬ್ಬಿ ಹೊರಡಬಾರದು. ಬ್ಯಾಕ್ಟೀರಿಯಾ ತೀರಾ ಕಡಿಮೆಯಿರುವ ಮಾದರಿಯನ್ನು ನೇರವಾಗಿ ಓದಿದಾಗ ಫಲಿತಾಂಶ ಅಪೂರ್ಣವಾಗುವ ಸಂಭವ ಹೆಚ್ಚು. ಅಂಥದ್ದನ್ನು ಮೊದಲು ಕಲ್ಚರ್‌ನಲ್ಲಿ ಬೆಳೆಸಿಕೊಳ್ಳುವುದು ಲೇಸು.

ಪ್ರಯೋಗಾಲಯದಲ್ಲಿ ಡಿಎನ್‌ಎ ಬೇರ್ಪಡಿಸಿ, ಬೇಕಾದ ಜೀನ್‌ಗಳನ್ನು ಪಿಸಿಆರ್ ಎಂಬ ನಕಲು ಮಾಡುವ ವಿಧಾನದಿಂದ ಹೆಚ್ಚಿಸಿ, ಯಂತ್ರ ಓದಿದ ಅಕ್ಷರಗಳನ್ನು 1998ರಲ್ಲಿ ಪ್ರಕಟವಾದ ಎಚ್37ಆರ್‌ವಿ ಎಂಬ ಪ್ರಮಾಣಿತ ಕ್ಷಯ ತಳಿಯ ಸುಮಾರು 44 ಲಕ್ಷ ಅಕ್ಷರಗಳ ಜೀನೋಮ್‌ನೊಂದಿಗೆ ಹೋಲಿಸುತ್ತಾರೆ.

ವರದಿ ಕೈಸೇರಿದಾಗ ಆರ್‌ಪಿಒಬಿ ಜೀನ್‌ನ 450ನೇ ಸ್ಥಾನದಲ್ಲಿ ಸೆರಿನ್ ಎಂಬ ಅಮೈನೋ ಆಮ್ಲ ಹೋಗಿ ಲ್ಯೂಸಿನ್ ಬಂದಿದ್ದರೆ ರಿಫಾಂಪಿಸಿನ್ ನಿರೋಧಕತೆ ದೃಢವೆಂದು ತಿಳಿಯಬಹುದು. ಕ್ಯಾಟ್‌ಜಿ ಜೀನ್‌ನ 315ನೇ ಸ್ಥಾನದ ಬದಲಾವಣೆ ಐಸೋನಿಯಾಜಿಡ್‌ಗೂ, ಜೈರ್‌ಎ ಜೀನ್‌ನ 90, 91, 94ನೇ ಸ್ಥಾನಗಳ ಬದಲಾವಣೆಗಳು ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್‌ಗಳಿಗೂ ಸಂಬಂಧಿಸಿವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದು 2023ರಲ್ಲಿ ಪರಿಷ್ಕರಿಸಿದ, ಯಾವ ಬದಲಾವಣೆ ನಿರೋಧಕತೆ ತರುತ್ತದೆ ಎಂಬ ಪಟ್ಟಿಯಲ್ಲಿ 'ಮಹತ್ವ ಅನಿಶ್ಚಿತ' ಎಂಬ ವರ್ಗವೂ ಇದೆ. ಅದನ್ನು ನಿರೋಧಕತೆ ಎಂದು ಓದುವುದು ತಪ್ಪು, ನಿರುಪದ್ರವಿ ಎಂದು ಓದುವುದೂ ತಪ್ಪು.

ನನ್ನ ಅನುಭವದಲ್ಲಿ ಹೆಚ್ಚು ಜನ ಎಡವುವುದು ಇನ್ನೊಂದೆಡೆ. 'ಬದಲಾವಣೆ ಕಂಡಿಲ್ಲ' ಎಂಬುದಕ್ಕೂ 'ಆ ಜೀನ್ ಓದಲಾಗಲಿಲ್ಲ' ಎಂಬುದಕ್ಕೂ ಅಜಗಜಾಂತರ, ಆದರೆ ಅವಸರದಲ್ಲಿ ಎರಡನ್ನೂ 'ಔಷಧ ನಾಟುತ್ತದೆ' ಎಂದೇ ಕಡತಕ್ಕೆ ಇಳಿಸಿಬಿಡುತ್ತಾರೆ. ಔಷಧ ನಿರೋಧಕ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್ ವಿಷಯದಲ್ಲಂತೂ ನಿರೋಧಕತೆ ತರುವ ಬದಲಾವಣೆಗಳು ಜೀನ್‌ಗಳ ಉದ್ದಕ್ಕೂ ಚದುರಿಹೋಗಿರುವುದರಿಂದ ಸೀಕ್ವೆನ್ಸಿಂಗ್ ಒಂದನ್ನೇ ನಂಬದೆ ಕಲ್ಚರ್ ಆಧಾರಿತ ಪರೀಕ್ಷೆಯನ್ನೂ ಜೊತೆಗೇ ಕಳುಹಿಸಬೇಕು.

ಚಿಕಿತ್ಸೆ ಶುರುವಾದ ಮೇಲೆ ಗುಣವನ್ನು ಅಳೆಯಲು ಇದೇ ಪರೀಕ್ಷೆ ಬೇಡ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಕಫದಲ್ಲಿ ಬಹುಕಾಲ ಉಳಿಯುತ್ತದೆ. ಗುಣವಾಗುತ್ತಿದೆಯೇ ಎಂಬುದನ್ನು ಕಲ್ಚರ್ ಹೇಳಬೇಕು.