ಸಿರುಗುಪ್ಪದ ರೈಸ್‌ಮಿಲ್ಲಿನಲ್ಲಿ ಕಲಿತ ನೆಟ್‌ವರ್ಕ್ ಡಿಸೈನ್

ನೆಟ್‌ವರ್ಕ್ ಡಿಸೈನ್, ಸೆಕ್ಯೂರಿಟಿ ಓದಬೇಕು ಅಂತ ನಮ್ಮ ಕಡೆಯ ಹುಡುಗರು ಫೋನ್ ಮಾಡಿದರೆ ಯಾವ ಕೋರ್ಸು, ಯಾವ ಸರ್ಟಿಫಿಕೇಟು ಅಂತಲೇ ಮಾತು ಶುರುವಾಗುತ್ತದೆ. ನಾನು ಕೇಳೋದು ಬೇರೆ: ನಿಮ್ಮನ್ನು ಒಳಗೆ ಬಿಡುವ ಕಟ್ಟಡ ಯಾವುದಾದರೂ ಇದೆಯಾ? ಗೋಡೌನಾಗಲಿ, ನರ್ಸಿಂಗ್ ಹೋಮಾಗಲಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟಾಗಲಿ, ಡಿಗ್ರಿ ಮುಗಿಯುವ ತನಕ ಅದೊಂದನ್ನು ಹಿಡಿದುಕೊಂಡು ಕೂತರೆ ಸಾಕು. ನನಗೆ ಸಿಕ್ಕಿದ್ದು ಸಿರುಗುಪ್ಪದ ಒಂದು ರೈಸ್‌ಮಿಲ್ಲು. ಡಿಸೈನ್ ಒಂದು ವಿಷಯ, ಸೆಕ್ಯೂರಿಟಿ ಇನ್ನೊಂದು ವಿಷಯ ಅಂತ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಿವೆಯಲ್ಲ, ಮಿಲ್ಲಿನ ಅಂಗಳದಲ್ಲಿ ನಿಂತು ನೋಡಿದರೆ ಆ ಗೆರೆ ಕಾಣಿಸುವುದೇ ಇಲ್ಲ.

2020ರಲ್ಲಿ ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಕಂಪ್ಯೂಟರ್ ಸೈನ್ಸ್‌ಗೆ ಸೇರಿದೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ನಮಗಿದ್ದದ್ದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮು, ಅಂದರೆ ಪಠ್ಯಕ್ರಮ. ಅದರಲ್ಲಿ ಐದನೇ ಸೆಮಿಸ್ಟರಿಗೆ ‘ಕಂಪ್ಯೂಟರ್ ನೆಟ್‌ವರ್ಕ್ಸ್ ಅಂಡ್ ಸೆಕ್ಯೂರಿಟಿ’ ಅನ್ನೋ ಪೇಪರ್, ಜೊತೆಗೊಂದು ಲ್ಯಾಬ್. ಲ್ಯಾಬಿನ ಅರ್ಧ ಸಿಮ್ಯುಲೇಟರಿನಲ್ಲಿ: ಮೂರು ನೋಡ್ ಜೋಡಿಸು, ಬ್ಯಾಂಡ್‌ವಿಡ್ತ್ ಬದಲಿಸು, ಎಷ್ಟು ಪ್ಯಾಕೆಟ್ (ಜಾಲದಲ್ಲಿ ಹರಿಯುವ ಮಾಹಿತಿಯ ತುಣುಕು) ಬಿದ್ದುಹೋದವು ಎಣಿಸು. ಇನ್ನರ್ಧ ಜಾವಾದಲ್ಲಿ: ತಪ್ಪು ಹಿಡಿಯುವ ಸಿಆರ್‌ಸಿ, ದಾರಿ ಹುಡುಕುವ ಬೆಲ್‌ಮನ್-ಫೋರ್ಡ್, ಹರಿವು ಹದಗೊಳಿಸುವ ಲೀಕಿ ಬಕೆಟ್, ಗೂಢಲಿಪಿಯ ಆರ್‌ಎಸ್‌ಎ. ಬಹಳ ಹುಡುಗರು ಪ್ರೋಗ್ರಾಮ್ ಬಾಯಿಪಾಠ ಮಾಡಿ ಪಾಸಾಗುತ್ತಾರೆ, ಪಾಸಾಗಲೂಬಹುದು. ಆದರೆ ದಟ್ಟಣೆ ನಿಯಂತ್ರಣದ ಪಾಠ ಮಾತ್ರ ನನಗೆ ಒಂದೇ ಸಲಕ್ಕೆ ತಲೆಗೆ ಹತ್ತಿತು. ನಮ್ಮ ಹೊಲ ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ಕೊನೆಭಾಗದಲ್ಲಿದೆ. ಮೇಲಿನವರು ತೂಬು ಪೂರಾ ಎತ್ತಿದರೆ ನಮಗೆ ಕೆಸರೂ ಬರೋದಿಲ್ಲ. 1986ರಲ್ಲಿ ಇಂಟರ್ನೆಟ್ಟಿಗೂ ಅದೇ ಗತಿ ಆಗಿತ್ತು. ಬರ್ಕ್ಲಿಯಲ್ಲಿ ನಾನ್ನೂರು ಗಜ ದೂರದ ಎರಡು ತಾಣಗಳ ನಡುವೆ ಸೆಕೆಂಡಿಗೆ 32 ಕಿಲೋಬಿಟ್ ಹರಿಯುತ್ತಿದ್ದದ್ದು 40 ಬಿಟ್ಟಿಗೆ ಇಳಿದುಹೋಯಿತು. ಜಾಲ ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ ನೀರಗಂಟಿಯೇ ಇಲ್ಲ. ಪ್ಯಾಕೆಟ್ ಕಳೆದುಹೋಯಿತು ಅಂತ ಗೊತ್ತಾದ ಕೂಡಲೇ ಕಳಿಸುವವನೇ ತನ್ನ ತೂಬು ಇಳಿಸಿಕೊಳ್ಳಬೇಕು. ನಮ್ಮ ಕಾಲುವೆಗೆ ಇದನ್ನು ಹೇಳಿದರೆ ಜಗಳ ಬೀಳುತ್ತದೆ, ಆ ಮಾತು ಬೇರೆ.

ಸಬ್‌ನೆಟ್ ಲೆಕ್ಕ, ಅಂದರೆ ಜಾಲದ ವಿಳಾಸಗಳನ್ನು ಗುಂಪು ಗುಂಪಾಗಿ ಒಡೆಯುವುದು, ಕೈಯಲ್ಲೇ ಮಾಡಿ ಕಲಿತೆ. /26 ಅನ್ನೋ ಅಳತೆಯ ಗುಂಪು ಅಂದರೆ 64 ವಿಳಾಸ, ಮೊದಲನೆಯದೂ ಕೊನೆಯದೂ ಬಿಟ್ಟರೆ 62 ಯಂತ್ರ. ಪರೀಕ್ಷೆಯ ಲೆಕ್ಕಗಳು ವಿಳಾಸ ಉಳಿಸುವುದನ್ನೇ ಕಲಿಸುತ್ತವೆ, ಒಂದೊಂದನ್ನೂ ಹಿಂಡಿ ಹಂಚಬೇಕು. ಕೆಲಸಕ್ಕೆ ಇಳಿದರೆ ಇದು ತಿರುಗುಮುರುಗು. ಖಾಸಗಿ ಬಳಕೆಗೆ ಬಿಟ್ಟಿರುವ, 10ರಿಂದ ಶುರುವಾಗುವ ಗುಂಪೊಂದರಲ್ಲೇ 1.67 ಕೋಟಿ ವಿಳಾಸಗಳಿರುವಾಗ ಒಂದು ಮಿಲ್ಲಿಗೆ ಜಿಪುಣತನ ಯಾಕೆ? ಧಾರಾಳವಾಗಿ ಒಂದೊಂದು ವಿಭಾಗಕ್ಕೂ ಒಂದು /24, ಅಂದರೆ 256 ವಿಳಾಸ ಕೊಡಿ. ಚುಕ್ಕಿಗಳಿಂದ ಬೇರ್ಪಟ್ಟ ವಿಳಾಸದ ಮೂರನೇ ಸಂಖ್ಯೆ ನೋಡಿದ ಕೂಡಲೇ ಇದು ಕ್ಯಾಮೆರಾ, ಇದು ಆಫೀಸು ಅಂತ ಗೊತ್ತಾಗಬೇಕು. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ದೋಷ ಹುಡುಕುವವನಿಗೆ ಅದರ ಬೆಲೆ ಗೊತ್ತು.

ಪ್ಯಾಕೆಟ್‌ಗಳನ್ನು ಕಣ್ಣಾರೆ ನೋಡಿದ್ದು ಹಾಸ್ಟೆಲಿನಲ್ಲಿ. ಒಂದು ಸಂಜೆ ಇದ್ದಕ್ಕಿದ್ದಂತೆ ಅರ್ಧ ಹಾಸ್ಟೆಲಿಗೆ ಇಂಟರ್ನೆಟ್ ಇಲ್ಲ, ಇನ್ನರ್ಧಕ್ಕೆ ಇದೆ. ಇದ್ದವರ ಲ್ಯಾಪ್‌ಟಾಪಿನಲ್ಲಿ 10ರಿಂದ ಶುರುವಾಗುವ ವಿಳಾಸ, ಇಲ್ಲದವರದ್ದು 192.168.0. ನಾನು ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದು, ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯ ಫಿಲ್ಟರ್ ಹಾಕಿ ನನ್ನ ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ನನ್ನ ಯಂತ್ರ ‘ಯಾರಾದರೂ ವಿಳಾಸ ಕೊಡ್ರಪ್ಪಾ’ ಅಂತ ಕೂಗಿದ್ದು ಒಂದು ಸಾಲು. ಅದರ ಕೆಳಗೆ ಒಂದು ಆಫರ್ ಬರಬೇಕಾದಲ್ಲಿ ಎರಡು ಬಂದಿದ್ದವು, ಎರಡು ಬೇರೆ ಬೇರೆ ಮ್ಯಾಕ್ (ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ) ವಿಳಾಸಗಳಿಂದ. ಮ್ಯಾಕ್‌ನ ಮೊದಲ ಮೂರು ಬೈಟು ತಯಾರಕರ ಗುರುತು; ಎರಡನೆಯದು ಮನೆಗೆ ಹಾಕುವ ಅಗ್ಗದ ರೂಟರಿನದು. ಲ್ಯಾಬ್ ಇನ್‌ಸ್ಟ್ರಕ್ಟರ್ ಸ್ವಿಚ್ಚಿಗೆ (ಕೋಣೆಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ) ಲಾಗಿನ್ ಆಗಿ, ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಅನ್ನೋ ಟೇಬಲ್ ತೆಗೆದರು. ಪೋರ್ಟ್ ಸಿಕ್ಕಿತು, ಕೋಣೆಯೂ ಸಿಕ್ಕಿತು. ಯಾರೋ ತಮ್ಮ ವೈಫೈಗೆಂದು ರೂಟರ್ ತಂದು, ಗೋಡೆಯ ಕೇಬಲನ್ನು ಹೊರಗಿನ ಲೈನಿಗಿರುವ ವ್ಯಾನ್ (WAN) ಕಿಂಡಿಗೆ ಹಾಕುವ ಬದಲು ಒಳಗಿನ ಯಂತ್ರಗಳಿಗಿರುವ ಲ್ಯಾನ್ (LAN) ಕಿಂಡಿಗೆ ಚುಚ್ಚಿದ್ದರು. ದುರುದ್ದೇಶ ಏನೂ ಇಲ್ಲ. ಅದೇ ಕೆಲಸ ದುರುದ್ದೇಶದಿಂದ ಮಾಡಿದವನು ಇಡೀ ಹಾಸ್ಟೆಲಿನ ಗೇಟ್‌ವೇ, ಅಂದರೆ ಎಲ್ಲರ ಮಾಹಿತಿ ಹೊರಹೋಗುವ ಬಾಗಿಲು, ತಾನೇ ಆಗಬಹುದಿತ್ತು. ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಅನ್ನೋ ಕಾವಲು ಹಾಕಿ, ಆಫರ್ ಕಾಲೇಜಿನ ಮುಖ್ಯ ಜಾಲಕ್ಕೆ ಹೋಗುವ ಅಪ್‌ಲಿಂಕಿನಿಂದ ಮಾತ್ರ ಬರಬೇಕು ಅಂತ ಕಟ್ಟಿದ ಮೇಲೆ ಆ ಕಾಟ ನಿಂತಿತು.

ಇನ್ನು ಮಿಲ್ಲು. ಮಾಲೀಕರು ಅಪ್ಪನ ಪರಿಚಯದವರು, ಪ್ರಾಜೆಕ್ಟಿಗೆ ಒಳಗೆ ಬಿಡ್ತೀರಾ ಅಂದೆ. ‘ನೀ ಏನರ ಮಾಡ್ಕೋ ತಮ್ಮಾ, ಗೇಟಿನ್ಯಾಗ ಲಾರಿ ನಿಲ್ಲಬಾರ್ದು, ಅಷ್ಟ ನೋಡು’ ಅಂದರು. ನನಗೆ ಸಿಕ್ಕ ಅತ್ಯಂತ ಚೊಕ್ಕ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಇವತ್ತಿಗೂ ಇದೇ.

ಲಾರಿ ನಿಲ್ಲುತ್ತಿದ್ದದ್ದು ಗೇಟಿನ ವೇಬ್ರಿಡ್ಜಿನ (ಲಾರಿ ತೂಗುವ ಕಟ್ಟೆ) ಹತ್ತಿರ. ತೂಕದ ಇಂಡಿಕೇಟರಿನಿಂದ ಸೀರಿಯಲ್ ಕೇಬಲಿನಲ್ಲಿ ಅಂಕಿ ಒಂದು ಪಿಸಿಗೆ ಬರುತ್ತದೆ, ಅಲ್ಲಿಂದ ಆಫೀಸಿನ ಲೆಕ್ಕದ ಪಿಸಿಗೆ ಹೋಗಬೇಕು. ಗೇಟಿಗೂ ಆಫೀಸಿಗೂ ನಡುವೆ ನೂರು ಮೀಟರಿಗಿಂತ ಹೆಚ್ಚು. ತಾಮ್ರದ ಈಥರ್ನೆಟ್ ಕೇಬಲಿಗೆ ಮಿತಿ 100 ಮೀಟರು. ಹಿಂದೆ ಕೆಲಸ ಮಾಡಿದವರು ಮಧ್ಯದ ಕಂಬಕ್ಕೆ ಪ್ಲಾಸ್ಟಿಕ್ ಡಬ್ಬಿ ಕಟ್ಟಿ ಅದರೊಳಗೆ ಒಂದು ಪುಟ್ಟ ಸ್ವಿಚ್ ಇಟ್ಟಿದ್ದರು. ಹೊರಗೆ ಬಳ್ಳಾರಿ ಜಿಲ್ಲೆಯ ಏಪ್ರಿಲ್ ಬಿಸಿಲು, ಒಳಗೆ ಗಾಳಿಯಾಡದ ಡಬ್ಬಿ, ಮೇಲೆ ಹೊಟ್ಟಿನ ಧೂಳು. ಡಬ್ಬಿ ಬಿಚ್ಚಿದರೆ ಪೋರ್ಟುಗಳ ಬಾಯಿಗೆಲ್ಲ ಕಂದು ಪುಡಿ ಮೆತ್ತಿತ್ತು. ಸ್ವಿಚ್ಚಿನ ಮೇಲೆ ಬೆರಳಿಟ್ಟರೆ ತಡೆಯಲಾಗದಷ್ಟು ಕಾವು. ಮಧ್ಯಾಹ್ನ ಎರಡರ ಹೊತ್ತಿಗೆ ಅದು ಹ್ಯಾಂಗ್ ಆಗುತ್ತಿತ್ತು, ಗೇಟಿನಲ್ಲಿ ಲಾರಿ ಸಾಲು ಬೆಳೆಯುತ್ತಿತ್ತು. ಡಬ್ಬಿಯನ್ನೇ ಕಿತ್ತು ಆ ದಾರಿಗೆ ಫೈಬರ್ (ಬೆಳಕಿನಲ್ಲಿ ಮಾಹಿತಿ ಒಯ್ಯುವ ಗಾಜಿನ ಕೇಬಲ್) ಎಳೆಸಿದೆವು. ದೂರದ ತಕರಾರು ಹೋಯಿತು. ಇನ್ನೊಂದು ಲಾಭ, ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಮುಂಗಾರಿಗೆ ಮುಂಚಿನ ಸಿಡಿಲಿಗೆ ಗೇಟಿನ ಯಂತ್ರ ಸುಟ್ಟರೂ ಆ ಆಘಾತ ಈ ಎಳೆ ಹಿಡಿದು ಆಫೀಸಿಗೆ ಬರೋದಿಲ್ಲ. ಲಭ್ಯತೆಯೂ ಸೆಕ್ಯೂರಿಟಿಯ ಒಂದು ಕಾಲು ಅಂತ ತರಗತಿಯಲ್ಲಿ ಬರೆಸಿದ್ದರು. ಹ್ಯಾಕರ್ ಹೆಸರು ತೆಗೆಯುವ ಮೊದಲು ಧೂಳು, ಕಾವು, ಸಿಡಿಲಿಗೆ ಉತ್ತರ ಕೊಡಬೇಕಾಯಿತು.

ಆಮೇಲೆ ಗ್ರಾಫ್ ಶೀಟಿನಲ್ಲಿ ಒಂದು ಚೌಕ ಎಳೆದೆ. ತೂಕದ ಪಿಸಿ, ಲೆಕ್ಕದ ಪಿಸಿ, ಕ್ಯಾಮೆರಾಗಳೂ ಅವುಗಳ ರೆಕಾರ್ಡರೂ ಸೇರಿ ಒಂದು, ಆಫೀಸಿನ ವೈಫೈ, ಲಾರಿ ಡ್ರೈವರ್‌ಗಳ ವೈಫೈ, ಇಂಟರ್ನೆಟ್: ಅಡ್ಡಕ್ಕೆ ಆರು, ಉದ್ದಕ್ಕೆ ಅದೇ ಆರು. ತಮ್ಮೊಳಗಿನ ಆರು ಬಿಟ್ಟರೆ 30 ಮನೆ. ಯಾರು ಯಾರ ಜೊತೆ ಮಾತು ಶುರು ಮಾಡಲೇಬೇಕು ಅಂತ ಮಾಲೀಕರನ್ನೂ ಗುಮಾಸ್ತರನ್ನೂ ಕೂರಿಸಿಕೊಂಡು ಕೇಳಿದೆ. ತೂಕದಿಂದ ಲೆಕ್ಕಕ್ಕೆ, ಲೆಕ್ಕದಿಂದ ಇಂಟರ್ನೆಟ್ಟಿಗೆ, ಎರಡೂ ವೈಫೈಗಳಿಂದ ಇಂಟರ್ನೆಟ್ಟಿಗೆ, ಆಫೀಸ್ ವೈಫೈಯಿಂದ ರೆಕಾರ್ಡರಿಗೆ. ಐದೇ ಟಿಕ್ಕು. ಉಳಿದ 25 ಮನೆ ಖಾಲಿ. ಆಗ ಮಿಲ್ಲಿನ ಒಳಗೆ ಎಲ್ಲಕ್ಕೂ ಎಲ್ಲವೂ ತೆರೆದ ಸ್ಥಿತಿ; ಡ್ರೈವರ್ ತನ್ನ ಫೋನಿನಿಂದ ಲೆಕ್ಕದ ಪಿಸಿಯ ಹಂಚಿದ ಫೋಲ್ಡರ್ ತೆರೆಯಬಹುದಿತ್ತು. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟ್ ಅಂದರೆ ಆ ಗ್ರಾಫ್ ಶೀಟೇ. ಯಾವ ಮಾತು ದಾಟಬಹುದು ಅಂತ ರೂಟರಿನಲ್ಲಿ ಬರೆಯುವ ಫೈರ್‌ವಾಲ್ ನಿಯಮಗಳು ಅದರ ನಕಲು: ಐದಕ್ಕೆ ಒಪ್ಪಿಗೆ, ಕೊನೆಯ ಸಾಲಿನಲ್ಲಿ ಉಳಿದದ್ದೆಲ್ಲ ಬಂದ್.

ವಿಭಾಗಗಳನ್ನು ಬೇರ್ಪಡಿಸಿದ್ದು ವಿಲ್ಯಾನ್‌ಗಳಿಂದ, ಅಂದರೆ ಅದೇ ಕೇಬಲು, ಸ್ವಿಚ್ಚುಗಳ ಮೇಲೆ ಬೇರೆ ಬೇರೆ ಜಾಲ ಮಾಡುವ ವಿಧಾನದಿಂದ. ಅದಕ್ಕೆ ಹಚ್ಚುವ 802.1ಕ್ಯೂ ಎಂಬ ಮಾನಕದ ಟ್ಯಾಗಿನಲ್ಲಿ ವಿಲ್ಯಾನ್ ಸಂಖ್ಯೆಗೆ 12 ಬಿಟ್ ಜಾಗ, ಬಳಸಬಹುದಾದದ್ದು 4094, ನಮಗೆ ಬೇಕಾದದ್ದು ಐದು. ಇಲ್ಲೊಂದು ಮಾತು ಒತ್ತಿ ಹೇಳಬೇಕು, ಇಂಟರ್ವ್ಯೂಗಳಲ್ಲಿ ಹೆಚ್ಚಿನವರು ಎಡವುವ ಜಾಗ ಇದು. ವಿಲ್ಯಾನ್ ಮಾಡಿದ ಮಾತ್ರಕ್ಕೆ ರಕ್ಷಣೆ ಬರೋದಿಲ್ಲ. ಐದೂ ವಿಲ್ಯಾನ್‌ಗಳ ಗೇಟ್‌ವೇ ಒಂದೇ ರೂಟರಿನಲ್ಲಿದ್ದರೆ, ನೀವು ತಡೆಯದ ಹೊರತು ಆ ರೂಟರ್ ಒಂದರಿಂದ ಇನ್ನೊಂದಕ್ಕೆ ನಿಷ್ಠೆಯಿಂದ ದಾರಿ ತೋರಿಸುತ್ತದೆ. ಅದರ ಕೆಲಸವೇ ಅದು.

ಕ್ಯಾಮೆರಾ 12. ಒಂದೊಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಅಂತ ಹಿಡಿದರೆ ಒಟ್ಟು 24, ಅಂದರೆ ಸೆಕೆಂಡಿಗೆ 3 ಮೆಗಾಬೈಟು, ದಿನಕ್ಕೆ 259 ಗಿಗಾಬೈಟು. 8 ಟೆರಾಬೈಟ್ ಡಿಸ್ಕಿಗೆ ಮೂವತ್ತು ದಿನ ಅಂಚಿಗೆ ಬಂದು ನಿಲ್ಲುತ್ತದೆ. ಈ ಲೆಕ್ಕ ಹೇಳಿದ್ದಕ್ಕೇ ಮಾಲೀಕರಿಗೆ ನನ್ನ ಮೇಲೆ ನಂಬಿಕೆ ಬಂದದ್ದು, ಕ್ರಿಪ್ಟೋಗ್ರಫಿಯಿಂದಲ್ಲ. ರೆಕಾರ್ಡರಿನ ಪಾಸ್‌ವರ್ಡ್ ಪೆಟ್ಟಿಗೆಯಿಂದ ಬಂದದ್ದೇ ಇತ್ತು. 2016ರ ಮಿರೈ ಬಾಟ್‌ನೆಟ್ (ಕದ್ದು ವಶಮಾಡಿಕೊಂಡ ಯಂತ್ರಗಳ ಪಡೆ) ಅರವತ್ತು ಚಿಲ್ಲರೆ ಇಂಥ ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ ಹಿಡಿದುಕೊಂಡೇ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳನ್ನು ವಶ ಮಾಡಿಕೊಂಡಿತ್ತು. ಆ ವರ್ಷ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ) ಕಂಪನಿಯ ಮೇಲೆ ಅವನ್ನೇ ಛೂ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಜನರಿಗೆ ತೆರೆಯಲೇ ಇಲ್ಲ. ನಮ್ಮ ರೆಕಾರ್ಡರಿನ ಲಾಗಿನ್ ಪುಟವೂ ಬರೀ ಎಚ್‌ಟಿಟಿಪಿ, ಗೂಢಲಿಪಿಯ ಮುಸುಕಿಲ್ಲದ್ದು. ವೈರ್‌ಶಾರ್ಕಿನಲ್ಲಿ ಆ ಸಂಭಾಷಣೆ ಬಿಡಿಸಿದರೆ ಪಾಸ್‌ವರ್ಡ್ ಬೇಸ್64 ಅನ್ನೋ ಅಕ್ಷರ ರೂಪದಲ್ಲಿ ಒಂದು ಸಾಲು. ಅದು ಗೂಢಲಿಪಿಯೇನಲ್ಲ, ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ನಾನು ತಿರುಗಿಸಿ ಮಾಲೀಕರಿಗೆ ಅವರ ಪಾಸ್‌ವರ್ಡ್ ಓದಿ ಹೇಳಿದೆ.

ಗಡಿಯಾರದ ಸಂಗತಿ ಯಾವ ಪಾಠದಲ್ಲೂ ಇಷ್ಟು ಮುಖ್ಯ ಅನಿಸಿರಲಿಲ್ಲ. ತೂಕದ ಚೀಟಿಯ ಹೊತ್ತು ಒಂದು, ಕ್ಯಾಮೆರಾದ ಹೊತ್ತು ಇನ್ನೊಂದು. ಭತ್ತದ ತೂಕದ ತಕರಾರು ಬಂದಾಗ ಯಾವ ಲಾರಿಗೆ ಯಾವ ಚೀಟಿ ಅಂತ ವಿಡಿಯೊದಲ್ಲಿ ತಾಳೆ ಹಾಕಲು ಆಗುತ್ತಿರಲಿಲ್ಲ. ರೂಟರನ್ನೇ ಎನ್‌ಟಿಪಿ (ಸಮಯ ಹಂಚುವ) ಸರ್ವರ್ ಮಾಡಿ ಎಲ್ಲದಕ್ಕೂ ಅದರ ಸಮಯವೇ ಸಿಗುವಂತೆ ಮಾಡಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲೂ ಗಡಿಯಾರ ಹೊಂದಿಸಬೇಕು, ಲಾಗ್ (ಯಂತ್ರದ ದಿನಚರಿ) 180 ದಿನ ಇಡಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು ಅಂತಿದೆ. ಪ್ರಾಜೆಕ್ಟ್ ವರದಿಗೆ ಅದನ್ನು ಓದಿದಾಗ ಚೀಟಿಯ ಜಗಳವೇ ಕಣ್ಣ ಮುಂದೆ ಬಂತು.

ದಾಳಿಯ ಕಡೆ ಕಲಿತದ್ದು ನನ್ನ ಲ್ಯಾಪ್‌ಟಾಪಿನ ಒಳಗೇ. 4 ಜಿಬಿ ರ‍್ಯಾಮಿಗೆ ದೊಡ್ಡ ಎಮ್ಯುಲೇಟರ್ ಏಳೋದಿಲ್ಲ. ಒಂದೇ ಲಿನಕ್ಸ್ ಯಂತ್ರದೊಳಗೆ ಬೇರೆ ಬೇರೆ ಜಾಲ ಕಟ್ಟುವ ನೆಟ್‌ವರ್ಕ್ ನೇಮ್‌ಸ್ಪೇಸಿನಲ್ಲಿ ಹತ್ತು ಯಂತ್ರದ ಜಾಲ ಆರಾಮಾಗಿ ಏಳುತ್ತದೆ. ಅಲ್ಲೇ ಯಾವ ವಿಳಾಸ ಯಾವ ಮ್ಯಾಕಿನದು ಅಂತ ಕೇಳಿ ತಿಳಿಯುವ ಎಆರ್‌ಪಿಗೆ ಸುಳ್ಳು ಹೇಳಿ ಇಬ್ಬರ ಮಾತಿನ ನಡುವೆ ಕೂರುವುದನ್ನೂ ಅದನ್ನು ತಡೆಯುವುದನ್ನೂ ಆಡಿದೆ. ಸ್ವಿಚ್ಚಿನ ಕಮಾಂಡುಗಳಿಗೆ ಪ್ಯಾಕೆಟ್ ಟ್ರೇಸರ್ ಎಂಬ ಸಿಮ್ಯುಲೇಟರ್ ಸಾಕು, ಅದು ಬಿಟ್ಟಿ. ಕಾಲೇಜಿನ ಜಾಲದ ಮೇಲೆ ಆಡಬೇಡಿ. ಐಟಿ ಕಾಯ್ದೆಯ 43 ಮತ್ತು 66ನೇ ಕಲಮುಗಳ ಪ್ರಕಾರ ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್ ಜಾಲಕ್ಕೆ ಅಪ್ರಾಮಾಣಿಕವಾಗಿ ಕೈಹಾಕಿದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮಿಲ್ಲಿನಲ್ಲೂ ನಾನು ಮಾಲೀಕರ ಸಹಿ ಇರುವ ಕಾಗದ ಇಟ್ಟುಕೊಂಡೇ ಕೇಬಲ್ ಮುಟ್ಟಿದೆ. ಅವರು ನಕ್ಕು ಸಹಿ ಹಾಕಿದರು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆರ್‌ಎಸ್‌ಎ ಕೇಳಿದರು. ಹೇಳಿದೆ, ಜೊತೆಗೆ ಜಾಲತಾಣಗಳ ಮಾತು ಗುಟ್ಟಾಗಿಡುವ ಟಿಎಲ್‌ಎಸ್‌ನ 2018ರ ಆವೃತ್ತಿ 1.3 ಆರ್‌ಎಸ್‌ಎ ಮೂಲಕ ಕೀ ಕಳಿಸುವುದನ್ನು ಕೈಬಿಟ್ಟು ಸಹಿಗೆ ಮಾತ್ರ ಉಳಿಸಿಕೊಂಡಿದೆ ಅಂತಲೂ ಸೇರಿಸಿದೆ. ಮುಂದಿನ ಪ್ರಶ್ನೆಗಳೆಲ್ಲ ಗ್ರಾಫ್ ಶೀಟಿನ ಮೇಲೆ. ಈಗಿನ ಕೆಲಸದ ಇಂಟರ್ವ್ಯೂನಲ್ಲೂ ಅಷ್ಟೇ.

ಮಿಲ್ಲಿನಲ್ಲಿ ಕೊನೆಗೆ ಉಳಿದದ್ದು ಮಾಲೀಕರ ಒಂದು ಹಟ: ಬಳ್ಳಾರಿಯ ಮನೆಯಿಂದ ಫೋನಿನಲ್ಲಿ ಕ್ಯಾಮೆರಾ ಕಾಣಬೇಕು. ಪೋರ್ಟ್ ಫಾರ್ವರ್ಡ್ ಮಾಡಿಕೊಡು, ಅಂದರೆ ಹೊರಗಿನಿಂದ ರೆಕಾರ್ಡರಿಗೆ ನೇರ ಬಾಗಿಲು ತೆಗೆದುಕೊಡು ಅಂತ ಅವರ ಮಗ. ಅದು ನಮ್ಮ ಲೈನಿನಲ್ಲಿ ಆಗುವಂತೆಯೂ ಇರಲಿಲ್ಲ. ರೂಟರಿಗೆ ಬಂದದ್ದು 100.64ರ ಗುಂಪಿನ ವಿಳಾಸ, ಅಂದರೆ ಸೇವೆ ಕೊಡುವವರೇ ಬಹಳ ಗಿರಾಕಿಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿದ್ದರು. ಹೊರಗಿನಿಂದ ನೇರ ಬಾಗಿಲೇ ಇಲ್ಲ. ತಿಂಗಳ ಬಾಡಿಗೆಯ ಒಂದು ಸಣ್ಣ ಸರ್ವರ್ ಹಿಡಿದು, ಮಿಲ್ಲಿನ ಮೈಕ್ರೋಟಿಕ್ ಕಂಪನಿಯ ರೂಟರಿನಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗ ಹಾಕಿ, ಫೋನನ್ನೂ ಅದೇ ಸುರಂಗಕ್ಕೆ ಸೇರಿಸಿದೆ. ಗ್ರಾಫ್ ಶೀಟಿಗೆ ಆರನೇ ಟಿಕ್ಕು ಬಿತ್ತು. ಕ್ಯಾಮೆರಾ ನೋಡುವ ಮೊದಲು ಸುರಂಗ ತೆರೆಯಲು ಫೋನಿನಲ್ಲಿ ಒಂದು ಬಟನ್ ಒತ್ತಬೇಕು. ಅದೊಂದು ರಗಳೆ ತೆಗೆದುಬಿಡು ಅಂತ ಮಗ ಈಗಲೂ ಫೋನ್ ಮಾಡುತ್ತಾನೆ, ನಾನು ತೆಗೆದಿಲ್ಲ.