ಆರಡಿ ಅಗಲದ ಓಣಿಯಲ್ಲಿ ಮರಗೆಲಸ: ನನ್ನ ಅನುಭವ

ಉಡುಪಿಯ ನಮ್ಮ ಮನೆಯ ಮೂಡು ಬದಿಯ ಗೋಡೆಗೂ ಕಂಪೌಂಡಿಗೂ ನಡುವೆ ಆರು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಜಾಗವಿತ್ತು. ಒಣಮಡಲು, ಹಳೆಯ ಹೆಂಚು, ಸುಲಿಯದ ತೆಂಗಿನಕಾಯಿಗಳನ್ನು ಪೇರಿಸಿಡುತ್ತಿದ್ದ ಈ ಓಣಿಗೆ ಮಾಡು ಹಾಕಿಸಿ, ಹವ್ಯಾಸದ ಮರಗೆಲಸಕ್ಕೆ ಬಳಸಿಕೊಳ್ಳಲು ನನಗೆ ಎರಡು ಕಾರಣಗಳಿದ್ದವು. ಕರಾವಳಿಯಲ್ಲಿ ಮಳೆಗಾಳಿ ಪಡುವಣದಿಂದಲೂ ನೈಋತ್ಯದಿಂದಲೂ ಬೀಸುವುದರಿಂದ ಮನೆಯ ಮೂಡು ಬದಿಗೆ ಎರಚಲು ಕಡಿಮೆ. ಅಲ್ಲದೆ, ಹಲಗೆ, ರೀಪು, ಪಕ್ಕಾಸುಗಳೆಲ್ಲ ಉದ್ದದ ವಸ್ತುಗಳಾದ್ದರಿಂದ ಅವುಗಳಿಗೆ ಚೌಕದ ಸಣ್ಣ ಕೋಣೆಗಿಂತ ಇಂತಹ ಉದ್ದನೆಯ ಇಕ್ಕಟ್ಟೇ ಅನುಕೂಲ. ಎಂಟಡಿ ಚೌಕದ ಕೋಣೆಯಲ್ಲಿ ಏಳಡಿಯ ಹಲಗೆಯನ್ನು ತಿರುಗಿಸುವುದೇ ಕಷ್ಟ. ಓಣಿಯಲ್ಲಿ ಅದನ್ನು ತಿರುಗಿಸುವ ಅಗತ್ಯವೇ ಬೀಳುವುದಿಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿದರೆ ಸಾಕು.

ಕೆಲಸದ ಮೇಜಿನ ಅಗಲವನ್ನು 18 ಇಂಚಿಗೆ ಇಳಿಸಿದೆ. ಒಟ್ಟು 72 ಇಂಚಿನಲ್ಲಿ ಮೇಜಿಗೆ 18, ಎದುರು ಗೋಡೆಯಲ್ಲಿ ಮರ ಪೇರಿಸುವ ರ್‍ಯಾಕಿಗೆ 10 ಇಂಚು ಹೋದರೆ ಉಳಿಯುವ 44 ಇಂಚು, ನಿಂತು ಕೀಸುವುದಕ್ಕೂ ಗರಗಸ ಎಳೆಯುವುದಕ್ಕೂ ಧಾರಾಳವಾಗಿ ಸಾಲುತ್ತದೆ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಬರುವ ಮಟ್ಟಕ್ಕೆ ಮೇಜಿನ ಎತ್ತರವನ್ನು ನಿಲ್ಲಿಸಿದ್ದೇನೆ. ಅದಕ್ಕಿಂತ ಎತ್ತರವಾದರೆ ಮೈಯ ಭಾರ ಕೀಸುಳಿಯ ಮೇಲೆ ಬೀಳದೆ ತೋಳು ಮಾತ್ರ ಸೋಲುತ್ತದೆ. ಬಲಗೈ ಬಳಸುವವರು ಕೀಸುಳಿಯನ್ನು ಬಲದಿಂದ ಎಡಕ್ಕೆ ತಳ್ಳುವುದರಿಂದ, ಮರವನ್ನು ಬಿಗಿಯಾಗಿ ಹಿಡಿಯುವ ಬೈಸನ್ನು ಎಡತುದಿಯಲ್ಲಿ ಕೂರಿಸಿ, ಬಾಗಿಲನ್ನೂ ಅದೇ ಬದಿಗೆ ಇರಿಸಿದೆ. ಉದ್ದದ ಹಲಗೆಯಾದರೆ ಬಾಗಿಲು ತೆರೆದು ಅದರ ತುದಿಯನ್ನು ಅಂಗಳಕ್ಕೆ ಚಾಚಿಬಿಡಬಹುದು. ನಮ್ಮ ಮನೆಗೆ ಬರುತ್ತಿದ್ದ ಆಚಾರ್ರು, "ಮೆಷಿನು ಆಮೇಲೆ ತೆಗೊಳ್ಳಿ, ಮೊದಲು ಮೇಜು ಅಲ್ಲಾಡದ ಹಾಗೆ ಮಾಡಿ" ಎಂದದ್ದು ಇಡೀ ಏರ್ಪಾಡಿನಲ್ಲಿ ನನಗೆ ಸಿಕ್ಕಿದ ಅತ್ಯಂತ ಉಪಯುಕ್ತ ಸಲಹೆ.

ಗೋಡೆ ಕೆಂಪುಕಲ್ಲಿನದು. ರಂಧ್ರಗಳಿಂದ ತುಂಬಿದ ಈ ಕಲ್ಲಿನಲ್ಲಿ ಸಣ್ಣ ಪ್ಲಾಸ್ಟಿಕ್ ಪ್ಲಗ್ಗುಗಳು ಗಟ್ಟಿಯಾಗಿ ಕೂರುವುದಿಲ್ಲ, ಬೇಗ ಪುಡಿಯುದುರಿ ಸಡಿಲವಾಗುತ್ತವೆ. ಆದ್ದರಿಂದ ಒಂದೊಂದು ಉಪಕರಣಕ್ಕೂ ಗೋಡೆ ಕೊರೆಯುವ ಬದಲು, ಹಲವು ಕಲ್ಲುಗಳ ಮೇಲೆ ಭಾರ ಹಂಚಿಹೋಗುವಂತೆ ಉದ್ದನೆಯ ಪಟ್ಟಿಗಳನ್ನು ಉದ್ದ ಬೋಲ್ಟುಗಳಿಂದ ಅಡ್ಡಲಾಗಿ ಬಿಗಿಸಿದೆ. ಈ ಪಟ್ಟಿಗಳ ಮೇಲಂಚನ್ನು 45 ಡಿಗ್ರಿ ಓರೆಯಾಗಿ, ಗೋಡೆಯ ಕಡೆಗೆ ಇಳಿಜಾರಾಗುವಂತೆ ಸೀಳಿದೆ. ಉಳಿಗಳ ಹಲಗೆ, ಗರಗಸದ ಗೂಡು, ಕ್ಲ್ಯಾಂಪುಗಳ ಸಾಲು ಎಲ್ಲದರ ಹಿಂಬದಿಯಲ್ಲಿಯೂ ಇದಕ್ಕೆ ಎದುರಾದ ಓರೆ ಇರುವುದರಿಂದ, ಅವನ್ನು ಎತ್ತಿ ಬೇಕಾದ ಕಡೆ ಸಿಕ್ಕಿಸಬಹುದು. ಭಾರ ಹೆಚ್ಚಿದಷ್ಟೂ ಅವು ಗೋಡೆಗೆ ಬಿಗಿಯಾಗುತ್ತವೆ.

ಯಂತ್ರಗಳ ವಿಷಯದಲ್ಲಿ ನಾನು ಜಿಪುಣ. ಟೇಬಲ್ ಸಾ (ಮೇಜಿಗೆ ಜೋಡಿಸಿದ ಗರಗಸದ ಯಂತ್ರ) ಹಾಕಿದರೆ ಹಿಂದೆ, ಮುಂದೆ ಮಾತ್ರವಲ್ಲ, ಪಕ್ಕದಲ್ಲಿಯೂ ಜಾಗ ಬೇಕು. ಓಣಿಯಲ್ಲಿ ಇಲ್ಲದಿರುವುದು ಅದೊಂದೇ. ಎಂಟಡಿಗೆ ನಾಲ್ಕಡಿಯ ಪ್ಲೈವುಡ್ಡನ್ನು ಇಲ್ಲಿ ಬಿಡಿಸಿ ಇಡಲಾಗದ ಕಾರಣ ಅಂಗಡಿಯಲ್ಲಿಯೇ ಅಳತೆ ಕೊಟ್ಟು ಕೊಯ್ಯಿಸಿ ತರುತ್ತೇನೆ. ದಪ್ಪ ಮರವನ್ನು ಮಿಲ್ಲಿನಲ್ಲಿ ಸೀಳಿಸುತ್ತೇನೆ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ, ಡ್ರಿಲ್, ಮರದಲ್ಲಿ ಕಚ್ಚು ಕೊರೆಯುವ ರೌಟರ್‌ಗಳ ಜೊತೆಗೆ ಗಾಲಿಯಿರುವ ಸ್ಟ್ಯಾಂಡಿನ ಮೇಲೆ, ಹಲಗೆಯನ್ನು ಒಂದೇ ದಪ್ಪಕ್ಕೆ ಕೀಸುವ ಒಂದು ಥಿಕ್‌ನೆಸ್ ಪ್ಲೇನರ್ ಇದೆ. ಪ್ಲೇನರಿನಿಂದ ಹೊರಬರುವ ಹಲಗೆ ತುದಿ ತಗ್ಗಿಸದೆ ನೇರವಾಗಿ ಮೇಜಿನ ಮೇಲೆಯೇ ಜಾರಿಹೋಗುವಂತೆ ಎರಡರ ಎತ್ತರವನ್ನೂ ಸರಿಹೊಂದಿಸಿದ್ದೇನೆ.

ಆದರೆ ನಮ್ಮ ಕಡೆ ಮರಗೆಲಸ ಮಾಡುವವರು ಜಾಗಕ್ಕಿಂತಲೂ ಹೆಚ್ಚಾಗಿ ಎಣಿಸಿ ನಡೆಯಬೇಕಾದದ್ದು ಗಾಳಿಯ ತೇವಕ್ಕೆ. ಮರ ಉದ್ದದಲ್ಲಿ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅಗಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಲ್ಲಿಯೂ ವರ್ಷಬಳೆಗಳನ್ನು ಅನುಸರಿಸುವ ದಿಕ್ಕಿನ ಹಿಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡು ಪಟ್ಟು ಇರುತ್ತದೆ. ಇತರ ಮರಗಳಿಗೆ ಹೋಲಿಸಿದರೆ ಕಡಿಮೆ ಅಲುಗುವ ಸಾಗುವಾನಿಯ ಹತ್ತಿಂಚು ಅಗಲದ ಹಲಗೆ ಕೂಡ ಏಪ್ರಿಲಿಗೂ ಜುಲೈಗೂ ನಡುವೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ತೋರಿಸಬಲ್ಲದು. ಆದ್ದರಿಂದ ಬೇಸಗೆಯಲ್ಲಿ ಮಾಡುವ ಡ್ರಾಯರಿಗೆ ಮೇಲ್ಗಡೆ ಎದ್ದುಕಾಣುವಷ್ಟು ಸಂದು ಬಿಡುತ್ತೇನೆ, ಆಟಿಯ (ತುಳುವಿನ ಮಳೆಗಾಲದ ತಿಂಗಳು) ಹೊತ್ತಿನಲ್ಲಿ ಮಾಡುವುದನ್ನು ಮಾತ್ರ ಬಿಗಿಯಾಗಿ ಕೂರಿಸುತ್ತೇನೆ. ಮೇಜಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಅಂಟಿಸುವುದಿಲ್ಲ, ಉದ್ದುದ್ದ ತೂತಿನೊಳಗೆ ಸರಿದಾಡುವ ಸ್ಕ್ರೂಗಳಿಂದ ಹಿಡಿಸುತ್ತೇನೆ. ತೋಟದಲ್ಲಿ ಬಿದ್ದ ಹಲಸು ಸಿಕ್ಕಿದರೆ ಸೀಳಿಸಿ, ತುದಿಗಳಿಗೆ ಪೈಂಟ್ ಬಳಿದು, ಹಲಗೆಗಳ ನಡುವೆ ರೀಪು ಕೊಟ್ಟು ರ್‍ಯಾಕಿನಲ್ಲಿ ಪೇರಿಸುತ್ತೇನೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ರೂಢಿಯ ಲೆಕ್ಕವಾದರೂ ನಡುವೆ ಮಳೆಗಾಲ ಬರುವ ಈ ಊರಿನಲ್ಲಿ ಕ್ಯಾಲೆಂಡರಿಗಿಂತ ತೇವ ಅಳೆಯುವ ಮೀಟರನ್ನು ನಂಬುವುದು ಒಳ್ಳೆಯದು. ಅರಗಿನ ಪಾಲಿಶ್ ಅನ್ನು ಜಡಿಮಳೆಯ ದಿನಗಳಲ್ಲಿ ಹಚ್ಚಿದರೆ ಬಿಳಿಯ ಮಬ್ಬು ಕವಿಯುವುದರಿಂದ ಆ ಕೆಲಸವನ್ನು ನವರಾತ್ರಿ ಕಳೆಯುವವರೆಗೆ ಮುಂದಕ್ಕೆ ಹಾಕುತ್ತೇನೆ.

ಉಪಕರಣಗಳಿಗೆ ತುಕ್ಕು ಹಿಡಿಯದಂತೆ ಉಳಿ, ಕೀಸುಳಿಯ ಅಲಗುಗಳನ್ನು ಮಿಷಿನ್ ಎಣ್ಣೆಯಲ್ಲಿ ಒರಸಿ, ಮುಚ್ಚಿದ ಕಪಾಟಿನಲ್ಲಿಟ್ಟು, ಒಳಗೆ 15 ವ್ಯಾಟಿನ ಹಳೆಯ ಬಗೆಯ ಬಲ್ಬ್ ಉರಿಸುತ್ತೇನೆ. ಎಲ್‌ಇಡಿ ಬಲ್ಬಿನಿಂದ ಈ ಪ್ರಯೋಜನವಿಲ್ಲ, ಇಲ್ಲಿ ಬೇಕಾದದ್ದು ಬೆಳಕಲ್ಲ, ಅದರ ಬಿಸಿ. ವಿದ್ಯುತ್ತಿಗೆ ಮನೆಯಿಂದ ಬೇರೆ ಲೈನು ಎಳೆಸಿ, 16 ಆಂಪಿಯರಿನ ಸಾಕೆಟ್‌ಗಳ ಜೊತೆಗೆ 30 ಮಿಲಿಆಂಪಿಯರಿನಷ್ಟು ವಿದ್ಯುತ್ ಸೋರಿದರೂ ತಾನಾಗಿ ಲೈನು ಕಡಿಯುವ ಸ್ವಿಚ್ಚು, ಅಂದರೆ ಆರ್‌ಸಿಸಿಬಿ ಹಾಕಿಸಿದ್ದೇನೆ. ನೆಲ ಜಿನುಗುವ ತಿಂಗಳುಗಳಲ್ಲಿ ಇದು ಇಲ್ಲದೆ ಯಂತ್ರ ಮುಟ್ಟುವುದು ಸಲ್ಲದು.

ಇಕ್ಕಟ್ಟಿನ ನಿಜವಾದ ತೊಂದರೆ ಹುಡಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕಣ್ಣಿಗೆ ಕಾಣುವ ಸಿಬಿರು ಗುಡಿಸಿದರೆ ಹೋಗುತ್ತದೆ, ಗಾಳಿಯಲ್ಲಿ ತೇಲುವ ನಯವಾದ ಹುಡಿಯೇ ಅಪಾಯಕಾರಿ. ಯಂತ್ರದ ಬಾಯಿಗೆ ವ್ಯಾಕ್ಯೂಮ್ ಜೋಡಿಸುವುದರ ಜೊತೆಗೆ, ಬಾಗಿಲಿನಿಂದ ಒಳಬಂದ ಗಾಳಿ ಇಪ್ಪತ್ತು ಅಡಿಯನ್ನೂ ಹಾದು ಹೊರಹೋಗುವಂತೆ ಎದುರು ತುದಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಇರಿಸಿದ್ದೇನೆ. ಉಜ್ಜುಕಾಗದ ಹಿಡಿಯುವಾಗ ಎನ್95 ಮಾಸ್ಕ್ ಕಡ್ಡಾಯ. ನೆರೆಮನೆಯವರು ಮಧ್ಯಾಹ್ನ ಉಂಡು ಮಲಗುವ ಹೊತ್ತಿನಲ್ಲಿ ಯಂತ್ರ ಹಾಕುವುದಿಲ್ಲ. ಉಳಿ ಮಸೆಯುವುದು, ಜೋಡಣೆಯ ಕಚ್ಚು ಕೊರೆಯುವುದು ಮೊದಲಾದ ಸದ್ದಿಲ್ಲದ ಕೆಲಸಗಳನ್ನು ಆ ಹೊತ್ತಿಗೆ ಇಟ್ಟುಕೊಂಡಿದ್ದೇನೆ.